ಮುಕ್ತ ಭಂಡಾರದಲ್ಲಿ ಮುಕ್ತವಲ್ಲದ ಪ್ಯಾಕೇಜ್: ಇಡಬಹುದೇ, ಕಿತ್ತುಹಾಕಬೇಕೇ?

ಪ್ರಶ್ನೆ: ನಾವು ಕೆಲವು ಸ್ವಯಂಸೇವಕರು ಸೇರಿ ಲಿನಕ್ಸ್ ಬಳಕೆದಾರರಿಗಾಗಿ ಒಂದು ಪ್ಯಾಕೇಜ್ ಭಂಡಾರ (ಸಿದ್ಧ ತಂತ್ರಾಂಶಗಳನ್ನು ಇಳಿಸಿಕೊಳ್ಳುವ ತಾಣ) ನಡೆಸುತ್ತಿದ್ದೇವೆ. ‘ಇಲ್ಲಿರುವುದೆಲ್ಲ ಮುಕ್ತ ತಂತ್ರಾಂಶ’ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದದ್ದು) ಎಂದು ಮೊದಲಿನಿಂದಲೂ ಹೇಳಿಕೊಂಡು ಬಂದಿದ್ದೇವೆ. ಈಚೆಗೆ ಪಟ್ಟಿಯನ್ನು ಕೂಲಂಕಷವಾಗಿ ನೋಡಿದಾಗ ನಾಲ್ಕು ಪ್ಯಾಕೇಜ್‌ಗಳ ಬಗ್ಗೆ ಅನುಮಾನ ಬಂತು. ಒಂದು, ‘ವಾಣಿಜ್ಯೇತರ ಬಳಕೆಗೆ ಮಾತ್ರ’ ಎಂಬ ಷರತ್ತಿರುವ ವಿಜ್ಞಾನದ ಉಪಕರಣ. ಇನ್ನೊಂದು, ಪರವಾನಗಿಯನ್ನೇ ಹಾಕದ ಪುಟ್ಟ ಲೈಬ್ರರಿ. ಮೂರನೆಯದು, ಹೊಸ ಆವೃತ್ತಿಯಲ್ಲಿ ಪರವಾನಗಿ ಬದಲಾಗಿರುವ ಡೇಟಾಬೇಸ್. ಕೊನೆಯದು ವೈಫೈ ಫರ್ಮ್‌ವೇರ್, ಅಂದರೆ ವೈಫೈ ಸಾಧನದೊಳಗೇ ನಡೆಯುವ ತಂತ್ರಾಂಶ. ಎಲ್ಲವನ್ನೂ ಇವತ್ತೇ ತೆಗೆದುಹಾಕಬೇಕು ಎಂದು ತಂಡದ ಒಬ್ಬರು ಪಟ್ಟು ಹಿಡಿದಿದ್ದಾರೆ. ಸೋರ್ಸ್ ಕೋಡ್ ಎಲ್ಲರ ಕಣ್ಣೆದುರೇ ಇದೆ, ನಾವು ಒಂದು ಪೈಸೆಯನ್ನೂ ಪಡೆಯುತ್ತಿಲ್ಲ, ಹಾಗಿರುವಾಗ ಹೆದರಿಕೆ ಏಕೆ ಎಂದು ಇನ್ನೊಬ್ಬರು ಕೇಳುತ್ತಾರೆ. ನಾವು ಕಾನೂನಿನ ತೊಡಕಿಗೆ ಸಿಲುಕುತ್ತೇವೆಯೇ? ಉಳಿದ ಪ್ಯಾಕೇಜ್‌ಗಳಿಗೂ ಈ ದೋಷ ತಟ್ಟುತ್ತದೆಯೇ? ಫೈಲ್‌ಗಳನ್ನು ನಾವು ಇಟ್ಟುಕೊಳ್ಳದೆ, ಡೌನ್‌ಲೋಡ್ ಮಾಡಿಕೊಡುವ ಸ್ಕ್ರಿಪ್ಟ್ ಮಾತ್ರ ಕೊಟ್ಟರೆ ಸಾಕೇ?

ಉತ್ತರ: ನಿಮ್ಮ ತಂಡದ ಜಗಳದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಲೆತುಹೋಗಿವೆ. ಈ ತಂತ್ರಾಂಶವನ್ನು ಹಂಚಲು ನಮಗೆ ಅನುಮತಿ ಇದೆಯೇ ಎಂಬುದು ಮೊದಲನೆಯದು. ಅದು ಕಾನೂನಿನ ವಿಷಯ; ಉತ್ತರ ಪರವಾನಗಿಯ ಪಠ್ಯದಲ್ಲಿರುತ್ತದೆ. ಬಳಕೆದಾರರಿಗೆ ನಾವು ಕೊಟ್ಟ ಮಾತಿಗೆ ಇದು ಒಪ್ಪುತ್ತದೆಯೇ ಎಂಬುದು ಎರಡನೆಯದು. ಅದು ನಿಮ್ಮ ಭಂಡಾರದ ಧೋರಣೆಯ ವಿಷಯ. ಉತ್ತರವನ್ನು ನೀವೇ ಬರೆಯಬೇಕು. ಒಂದು ಪ್ಯಾಕೇಜ್ ಮುಕ್ತವಲ್ಲದಿದ್ದರೂ ಅದನ್ನು ಹಂಚುವುದು ಸಂಪೂರ್ಣ ಕಾನೂನುಬದ್ಧವಾಗಿರಬಹುದು. ನಿಮ್ಮ ವೈಫೈ ಫರ್ಮ್‌ವೇರ್ ಬಹುಮಟ್ಟಿಗೆ ಅಂಥದ್ದು. ಮತ್ತೊಂದು ಪ್ಯಾಕೇಜ್ ನೋಡಲು ಮುಕ್ತ ತಂತ್ರಾಂಶದಂತೆಯೇ ಇದ್ದು, ಅದನ್ನು ಹಂಚುವ ಹಕ್ಕು ನಿಮಗೆ ಇಲ್ಲದೇ ಇರಬಹುದು. ನಿಮ್ಮ ಪುಟ್ಟ ಲೈಬ್ರರಿ ಅಂಥದ್ದು. ನಾನು ಪರವಾನಗಿ ಪರಿಶೀಲನೆ ಮಾಡುವಾಗ ಯಾವಾಗಲೂ ಮೊದಲನೆಯ ಪ್ರಶ್ನೆಯನ್ನು ಮುಗಿಸಿದ ಮೇಲೆಯೇ ಎರಡನೆಯದಕ್ಕೆ ಬರುತ್ತೇನೆ. ಹಂಚುವ ಅನುಮತಿಯೇ ಇಲ್ಲದ ಮೇಲೆ, ಅದು ಎಷ್ಟು ಮುಕ್ತ ಎಂದು ಚರ್ಚಿಸುವುದರಲ್ಲಿ ಅರ್ಥವಿಲ್ಲ.

ಆ ಲೈಬ್ರರಿಯಿಂದಲೇ ಶುರುಮಾಡೋಣ, ಏಕೆಂದರೆ ನಾಲ್ಕರಲ್ಲಿ ನಿಜವಾಗಿ ತುರ್ತಾದದ್ದು ಅದೊಂದೇ. ಪರವಾನಗಿ ಹಾಕಿಲ್ಲ ಎಂದರೆ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ ಎಂದು ಬಹಳ ಜನ ನಂಬಿದ್ದಾರೆ. ವಾಸ್ತವ ಇದಕ್ಕೆ ಪೂರ್ತಿ ವಿರುದ್ಧ. 180ಕ್ಕೂ ಹೆಚ್ಚು ದೇಶಗಳು ಒಪ್ಪಿಕೊಂಡಿರುವ ಬರ್ನ್ ಒಪ್ಪಂದದ ಪ್ರಕಾರ, ಕೃತಿ ರಚನೆಯಾದ ಕ್ಷಣದಿಂದಲೇ ಹಕ್ಕುಸ್ವಾಮ್ಯ ತಾನಾಗಿ ಹುಟ್ಟುತ್ತದೆ. ನೋಂದಣಿಯಾಗಲಿ, ಹಕ್ಕುಸ್ವಾಮ್ಯದ ಚಿಹ್ನೆಯಾಗಲಿ ಬೇಕಿಲ್ಲ. ಲೇಖಕರು ಏನನ್ನೂ ಹೇಳದಿದ್ದರೆ ಎಲ್ಲ ಹಕ್ಕುಗಳೂ ಅವರಲ್ಲಿಯೇ ಉಳಿಯುತ್ತವೆ. ಕೋಡ್ ಅನ್ನು ಗಿಟ್‌ಹಬ್‌ನಲ್ಲಿ ಸಾರ್ವಜನಿಕವಾಗಿ ಇಟ್ಟಿದ್ದರೆ, ಅಲ್ಲಿನ ನಿಯಮಗಳ ಪ್ರಕಾರ ಇತರರಿಗೆ ಅದನ್ನು ನೋಡಲು, ಆ ತಾಣದೊಳಗೇ ಫೋರ್ಕ್ ಮಾಡಲು (ತಮ್ಮದೇ ಪ್ರತಿ ತೆಗೆದುಕೊಳ್ಳಲು) ಅವಕಾಶವಿದೆ. ಬೈನರಿ (ಯಂತ್ರದಲ್ಲಿ ನೇರವಾಗಿ ನಡೆಯುವ ರೂಪ) ಕಟ್ಟಿ ಮಿರರ್‌ಗಳಲ್ಲಿ (ಭಂಡಾರದ ಪ್ರತಿ ಇಡುವ ಬೇರೆ ಸರ್ವರ್‌ಗಳಲ್ಲಿ) ಹಂಚುವ ಹಕ್ಕು ಅದರಿಂದ ಬರುವುದಿಲ್ಲ.

ಇಲ್ಲಿ ಒಂದು ಹಳ್ಳವಿದೆ. ಅನುಭವಿಗಳೂ ಅದರಲ್ಲಿ ಕಾಲಿಡುತ್ತಾರೆ. ‘ಅನ್‌ಲೈಸೆನ್ಸ್’ ಎಂಬ ಹೆಸರಿನ ಒಂದು ಪರವಾನಗಿ ಇದೆ. ಅದು ಕೃತಿಯನ್ನು ಸಾರ್ವಜನಿಕ ಸ್ವತ್ತಿಗೆ ಬಿಟ್ಟುಕೊಡುತ್ತದೆ, ಅಂದರೆ ಪೂರ್ಣ ಮುಕ್ತ. ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಭಂಡಾರವಾದ ಎನ್‌ಪಿಎಂನ ಪ್ಯಾಕೇಜ್‌ಗಳ ವಿವರದಲ್ಲಿ ‘ಅನ್‌ಲೈಸೆನ್ಸ್ಡ್’ ಎಂದು ಬರೆದಿದ್ದರೆ, ಯಾರಿಗೂ ಯಾವ ಹಕ್ಕನ್ನೂ ಕೊಟ್ಟಿಲ್ಲ ಎಂದು ಅರ್ಥ. ಒಂದೆರಡು ಅಕ್ಷರಗಳ ವ್ಯತ್ಯಾಸದಲ್ಲಿ ಅರ್ಥ ತಲೆಕೆಳಗಾಗುತ್ತದೆ. ಸ್ವಯಂಚಾಲಿತ ಆಮದು ಸ್ಕ್ರಿಪ್ಟ್‌ಗಳು ಇವೆರಡನ್ನೂ ಒಂದೇ ಎಂದು ತಿಳಿದಿವೆಯೇ ಎಂಬುದನ್ನು ನಿಮ್ಮ ವ್ಯವಸ್ಥೆಯಲ್ಲಿ ಒಮ್ಮೆ ಪರೀಕ್ಷಿಸಿ.

ಪರಿಹಾರ ಸಾಮಾನ್ಯವಾಗಿ ಸುಲಭ. ಲೇಖಕರಿಗೆ ಒಂದು ಸೌಜನ್ಯದ ಪತ್ರ ಬರೆಯಿರಿ. ಪರವಾನಗಿ ಹಾಕದವರಲ್ಲಿ ಹೆಚ್ಚಿನವರು ಮರೆತವರೇ ಹೊರತು ಬೇಡವೆಂದವರಲ್ಲ. ಆದರೆ ‘ಬೇಕಾದರೆ ಬಳಸಿಕೊಳ್ಳಿ’ ಎಂಬ ಮಿಂಚಂಚೆಯ ಉತ್ತರಕ್ಕೆ ತೃಪ್ತರಾಗಬೇಡಿ. ಬಳಸುವುದು, ಮಾರ್ಪಡಿಸುವುದು, ಹಂಚುವುದು, ಮಾರ್ಪಡಿಸಿದ್ದನ್ನು ಹಂಚುವುದು, ಈ ನಾಲ್ಕೂ ಬೇರೆ ಬೇರೆ ಅನುಮತಿಗಳು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೈನ್ ಎಂಬ ಮಿಂಚಂಚೆ ತಂತ್ರಾಂಶದ ಕಥೆ ಇದಕ್ಕೆ ಒಳ್ಳೆಯ ಪಾಠ. ಅದರ ಪರವಾನಗಿಯಲ್ಲಿ ಬಳಸಲು, ನಕಲಿಸಲು, ಮಾರ್ಪಡಿಸಲು, ಹಂಚಲು ಅನುಮತಿ ಇದೆ ಎಂದೇ ಬರೆದಿತ್ತು. ಮುಂದೆ ವಿಶ್ವವಿದ್ಯಾಲಯವು, ಮಾರ್ಪಡಿಸಬಹುದು, ಹಂಚಲೂಬಹುದು, ಆದರೆ ಮಾರ್ಪಡಿಸಿದ ಪ್ರತಿಯನ್ನು ಹಂಚುವಂತಿಲ್ಲ ಎಂದು ಅದನ್ನು ಅರ್ಥೈಸಿತು. ಲಿನಕ್ಸ್ ವಿತರಣೆಗಳು (ಲಿನಕ್ಸ್ ಅನ್ನು ಇತರ ತಂತ್ರಾಂಶಗಳೊಂದಿಗೆ ಸೇರಿಸಿ ಕೊಡುವ ಯೋಜನೆಗಳು) ಪೈನ್ ಅನ್ನು ದೂರವಿಡಬೇಕಾಯಿತು. ಬಳಿಕ ಬಂದ ಆಲ್ಪೈನ್ ಎಂಬ ಉತ್ತರಾಧಿಕಾರಿ ಅಪಾಚೆ ಪರವಾನಗಿಯಡಿ ಬಿಡುಗಡೆಯಾದ ಮೇಲೆಯೇ ಆ ಗೋಜಲು ಬಗೆಹರಿಯಿತು. ಆದ್ದರಿಂದ ಲೇಖಕರನ್ನು ಕೇಳುವಾಗ ಹೆಸರಾಂತ ಪರವಾನಗಿಯೊಂದರ ಪೂರ್ಣ ಪಠ್ಯವನ್ನು ಸೋರ್ಸ್ ಕೋಡ್‌ನೊಳಗೇ ಸೇರಿಸುವಂತೆ ಕೇಳಿ. ಉತ್ತರ ಬರುವವರೆಗೆ ಪ್ಯಾಕೇಜ್ ಅನ್ನು ಭಂಡಾರದಿಂದ ತೆಗೆದಿಡಿ. ‘ನಿಮ್ಮ ಭಂಡಾರಕ್ಕೆ ಮಾತ್ರ ಒಪ್ಪಿಗೆ’ ಎಂಬ ವಿಶೇಷ ಅನುಮತಿ ಬಂದರೂ ಹಿಗ್ಗಬೇಡಿ. ನಿಮ್ಮಿಂದ ಪಡೆದವರಿಗೆ ಅದು ಹರಿದುಹೋಗುವುದಿಲ್ಲ. ಡೆಬಿಯನ್ ಎಂಬ ವಿತರಣೆಯ ಮುಕ್ತ ತಂತ್ರಾಂಶ ಮಾರ್ಗಸೂಚಿಯಲ್ಲಿ, ಪರವಾನಗಿ ಡೆಬಿಯನ್‌ಗೆ ಮಾತ್ರ ಸೀಮಿತವಾಗಿರಬಾರದು ಎಂಬ ಕಲಮು ಇರುವುದು ಇದೇ ಕಾರಣಕ್ಕೆ.

ಆ ಮಾರ್ಗಸೂಚಿ 1997ರದು. ಮರುವರ್ಷ ಓಪನ್ ಸೋರ್ಸ್ ಇನಿಷಿಯೇಟಿವ್ ಸ್ಥಾಪನೆಯಾದಾಗ, ಓಪನ್ ಸೋರ್ಸ್‌ನ ವ್ಯಾಖ್ಯೆಯನ್ನು ರೂಪಿಸಿದ್ದು ಇದೇ ಪಠ್ಯದಿಂದ. ನಿಮ್ಮದೇ ಧೋರಣೆಯನ್ನು ಸೊನ್ನೆಯಿಂದ ಬರೆಯಲು ಹೋಗದೆ ಇವೆರಡರಲ್ಲಿ ಒಂದನ್ನು ಅಳತೆಗೋಲಾಗಿ ಸ್ವೀಕರಿಸಿ ಎಂಬುದು ನನ್ನ ಸಲಹೆ. ಪ್ರತಿ ಪ್ಯಾಕೇಜ್ ಬಂದಾಗಲೂ ವಾದ ಮೊದಲಿನಿಂದ ಶುರುವಾಗುವುದು ಆಗ ತಪ್ಪುತ್ತದೆ.

ಈ ಅಳತೆಗೋಲನ್ನು ನಿಮ್ಮ ವಿಜ್ಞಾನದ ಉಪಕರಣಕ್ಕೆ ಹಿಡಿದರೆ ಅದು ಮುಕ್ತವಲ್ಲ ಎಂಬುದರಲ್ಲಿ ಸಂಶಯವಿಲ್ಲ. ಯಾವ ಕ್ಷೇತ್ರದ ಬಳಕೆಯನ್ನೂ ನಿರ್ಬಂಧಿಸಬಾರದು ಎಂಬುದು ಎರಡೂ ದಾಖಲೆಗಳಲ್ಲಿ ಸ್ಪಷ್ಟವಾಗಿದೆ. ವ್ಯಾಪಾರವೂ ಒಂದು ಕ್ಷೇತ್ರ. ನಾವು ಹಣ ಪಡೆಯುವುದಿಲ್ಲ ಎಂಬ ನಿಮ್ಮ ಗೆಳೆಯರ ಮಾತು ಮೊದಲ ಪ್ರಶ್ನೆಗೆ ಸ್ವಲ್ಪಮಟ್ಟಿಗೆ ಉತ್ತರವಾಗಬಹುದು, ನಿಮ್ಮ ಮಟ್ಟಿಗೆ. ಆದರೆ ಭಂಡಾರ ಎಂಬುದು ನಿಮ್ಮಲ್ಲಿಗೆ ಮುಗಿಯುವುದಿಲ್ಲ. ಮಿರರ್ ನಡೆಸುವ ಖಾಸಗಿ ಸಂಸ್ಥೆಗಳು, ನಿಮ್ಮ ಪ್ಯಾಕೇಜ್‌ಗಳನ್ನು ಸೇರಿಸಿ ಕಂಪ್ಯೂಟರ್ ಮಾರುವವರು, ನಿಮ್ಮ ಭಂಡಾರದ ಮೇಲೆ ತಮ್ಮ ವಿತರಣೆಯನ್ನು ಕಟ್ಟುವವರು, ಕಚೇರಿಯ ಯಂತ್ರದಲ್ಲಿ ಒಂದೇ ಆಜ್ಞೆಯಿಂದ ನೂರು ಪ್ಯಾಕೇಜ್ ಹಾಕಿಕೊಳ್ಳುವ ನೌಕರರು, ಇವರೆಲ್ಲ ‘ಎಲ್ಲವೂ ಮುಕ್ತ’ ಎಂಬ ನಿಮ್ಮ ಮಾತನ್ನು ನಂಬಿ ಪರವಾನಗಿ ಓದದೆ ಮುಂದೆ ಹೋಗುವವರು. ಷರತ್ತು ಉಲ್ಲಂಘನೆಯಾದರೆ ಹೊಣೆ ಅವರ ತಲೆಗೆ ಬರುತ್ತದೆ. ನನ್ನನ್ನು ಬಹಳ ಕಾಡುವ ಸಂಗತಿ ಇದೇ: ನಮ್ಮ ಅಲಕ್ಷ್ಯಕ್ಕೆ ದಂಡ ತೆರುವವರು ಸಾಮಾನ್ಯವಾಗಿ ನಾವಲ್ಲ.

‘ವಾಣಿಜ್ಯೇತರ’ ಎಂದರೆ ಎಲ್ಲಿಯವರೆಗೆ ಎಂಬುದೂ ಮಸುಕಾಗಿರುತ್ತದೆ. ಕ್ರಿಯೇಟಿವ್ ಕಾಮನ್ಸ್‌ನ ವಾಣಿಜ್ಯೇತರ ಪರವಾನಗಿಗಳಲ್ಲಿ, ಮುಖ್ಯವಾಗಿ ವಾಣಿಜ್ಯ ಲಾಭ ಅಥವಾ ಹಣದ ಪ್ರತಿಫಲವನ್ನು ಉದ್ದೇಶಿಸದ ಬಳಕೆ ಎಂಬ ವ್ಯಾಖ್ಯೆಯಾದರೂ ಇದೆ. ಪ್ರಯೋಗಾಲಯವೊಂದು ತಾನೇ ಬರೆದುಕೊಂಡ ಒಂದೂವರೆ ಸಾಲಿನ ಷರತ್ತಿನಲ್ಲಿ ಅದೂ ಇರುವುದಿಲ್ಲ. ಕೈಗಾರಿಕೆಯ ಅನುದಾನದಿಂದ ನಡೆಯುವ ವಿಶ್ವವಿದ್ಯಾಲಯದ ಸಂಶೋಧನೆ ವಾಣಿಜ್ಯವೇ? ಶುಲ್ಕ ಪಡೆಯುವ ತರಬೇತಿ? ಬರೆದವರೇ ಯೋಚಿಸಿರುವುದಿಲ್ಲ. ಒಳ್ಳೆಯ ಉದ್ದೇಶದ ನಿರ್ಬಂಧವೂ ಇದೇ ಗತಿ ಕಾಣುತ್ತದೆ. ಜೇಸನ್ ಪರವಾನಗಿಯಲ್ಲಿ, ಈ ತಂತ್ರಾಂಶವನ್ನು ಒಳಿತಿಗೆ ಬಳಸಬೇಕು, ಕೆಡುಕಿಗಲ್ಲ ಎಂಬ ಒಂದೇ ವಾಕ್ಯ ಹೆಸರಾಂತ ಮುಕ್ತ ಪರವಾನಗಿಯೊಂದರ ಪಠ್ಯಕ್ಕಿಂತ ಹೆಚ್ಚಿಗೆ ಇದೆ. ಅಷ್ಟಕ್ಕೇ ಡೆಬಿಯನ್ ಮತ್ತು ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಅದನ್ನು ಮುಕ್ತವಲ್ಲ ಎಂದು ಪರಿಗಣಿಸುತ್ತವೆ. ಅಪಾಚೆ ಪ್ರತಿಷ್ಠಾನ 2016ರಲ್ಲಿ ತನ್ನ ಯೋಜನೆಗಳಿಗೆ ಅದನ್ನು ನಿಷೇಧಿಸಿತು. ಒಳಿತು ಯಾವುದು ಎಂದು ತೀರ್ಮಾನಿಸುವವರು ಯಾರು ಎಂಬುದೇ ಅಲ್ಲಿನ ತೊಡಕು.

ಈಗ ಡೇಟಾಬೇಸ್. ಇದು ಈ ದಶಕದ ದೊಡ್ಡ ತಲೆನೋವು, ಸ್ವಲ್ಪ ವಿವರವಾಗಿಯೇ ಹೇಳಬೇಕು. 2018ರ ಅಕ್ಟೋಬರ್‌ನಲ್ಲಿ ಮೊಂಗೋಡಿಬಿ ಎಂಬ ಡೇಟಾಬೇಸ್ ತನ್ನ ಪರವಾನಗಿಯನ್ನು ಎಜಿಪಿಎಲ್ ಎಂಬ ಮುಕ್ತ ಪರವಾನಗಿಯಿಂದ ತಾನೇ ರೂಪಿಸಿದ ಎಸ್‌ಎಸ್‌ಪಿಎಲ್‌ಗೆ ಬದಲಿಸಿತು. ಈ ತಂತ್ರಾಂಶವನ್ನು ಸೇವೆಯಾಗಿ ಇತರರಿಗೆ ಒದಗಿಸುವವರು, ಆ ಸೇವೆ ನಡೆಸಲು ಬಳಸುವ ನಿರ್ವಹಣೆ, ಬ್ಯಾಕಪ್, ಮೇಲ್ವಿಚಾರಣೆ ಮುಂತಾದ ಎಲ್ಲ ತಂತ್ರಾಂಶಗಳ ಸೋರ್ಸ್ ಅನ್ನೂ ಅದೇ ಪರವಾನಗಿಯಡಿ ಬಿಡುಗಡೆ ಮಾಡಬೇಕು ಎಂಬುದು ಅದರ ಷರತ್ತು. 2019ರ ಆರಂಭದಲ್ಲಿ ಫೆಡೋರಾ ವಿತರಣೆ ಅದನ್ನು ಮುಕ್ತವಲ್ಲ ಎಂದು ತೀರ್ಮಾನಿಸಿತು. ಡೆಬಿಯನ್ ಕೂಡ ಮೊಂಗೋಡಿಬಿಯನ್ನು ಕೈಬಿಟ್ಟಿತು. 2021ರಲ್ಲಿ ಎಲಾಸ್ಟಿಕ್‌ಸರ್ಚ್, 2023ರ ಆಗಸ್ಟ್‌ನಲ್ಲಿ ಟೆರಾಫಾರ್ಮ್, 2024ರ ಮಾರ್ಚ್‌ನಲ್ಲಿ ರೆಡಿಸ್ ಇಂಥದ್ದೇ ಹಾದಿ ಹಿಡಿದವು. ಟೆರಾಫಾರ್ಮ್ ಆಯ್ದುಕೊಂಡ ಬಿಸಿನೆಸ್ ಸೋರ್ಸ್ ಪರವಾನಗಿಯಲ್ಲಿ ಪ್ರಯೋಗಕ್ಕಲ್ಲದೆ ನಿಜವಾದ ಕೆಲಸಕ್ಕೆ ಬಳಸುವುದರ ಮೇಲೆ ಮಿತಿ ಇರುತ್ತದೆ. ಹೆಚ್ಚೆಂದರೆ ನಾಲ್ಕು ವರ್ಷಗಳ ಬಳಿಕ ಆ ಆವೃತ್ತಿ ಮುಕ್ತ ಪರವಾನಗಿಗೆ ತಿರುಗುತ್ತದೆ. ಇವೆಲ್ಲದರಲ್ಲೂ ಸೋರ್ಸ್ ಕಣ್ಣೆದುರೇ ಇದೆ. ಕಾಣುವುದು ಬೇರೆ, ಮುಕ್ತವಾಗಿರುವುದು ಬೇರೆ.

ಸಮಾಧಾನದ ಸಂಗತಿಯೆಂದರೆ, ಹಳೆಯ ಮುಕ್ತ ಪರವಾನಗಿಯಡಿ ಬಂದ ಆವೃತ್ತಿಗಳು ಆ ಪರವಾನಗಿಯಲ್ಲೇ ಉಳಿಯುತ್ತವೆ. ನೀವು ಈಗಾಗಲೇ ಹಂಚಿರುವುದಕ್ಕೆ ದೋಷವಿಲ್ಲ. ಹಾಗಾಗಿ ಕೊನೆಯ ಮುಕ್ತ ಆವೃತ್ತಿಯಲ್ಲಿಯೇ ನಿಲ್ಲಿಸೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಅಲ್ಲೊಂದು ಅಪಾಯ ಅಡಗಿದೆ. ಆರು ತಿಂಗಳಲ್ಲಿ ಭದ್ರತಾ ಲೋಪವೊಂದು ಪತ್ತೆಯಾಗುತ್ತದೆ. ಅದರ ಸರಿಪಡಿಕೆ ಹೊಸ ಪರವಾನಗಿಯ ಆವೃತ್ತಿಗೆ ಮಾತ್ರ ಬರುತ್ತದೆ. ಆ ಪ್ಯಾಚ್ ಅನ್ನು ಎತ್ತಿ ಹಳೆಯ ಆವೃತ್ತಿಗೆ ಅಂಟಿಸಿದರೆ, ಹೊಸ ಪರವಾನಗಿಯ ಕೋಡ್ ನಿಮ್ಮ ಮುಕ್ತ ಪ್ಯಾಕೇಜ್‌ನೊಳಗೆ ನುಸುಳಿದಂತೆ. ಸರಿಪಡಿಕೆಯನ್ನು ಸ್ವತಂತ್ರವಾಗಿ ಬರೆಯಬೇಕು, ಇಲ್ಲವೇ ಲೋಪದೊಂದಿಗೇ ಬಾಳಬೇಕು. ಎರಡೂ ಪುಟ್ಟ ತಂಡಕ್ಕೆ ಹೊರಲಾರದ ಭಾರ. ಮುಂದುವರಿಸುವವರಿಲ್ಲದ ಹಳೆಯ ಡೇಟಾಬೇಸ್ ಅನ್ನು ಭಂಡಾರದಲ್ಲಿ ಇಟ್ಟುಕೊಳ್ಳುವುದನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಜೀವಂತ ಕವಲು (ಹಳೆಯ ಮುಕ್ತ ಕೋಡ್‌ನಿಂದ ಬೇರೆಯವರು ಮುಂದುವರಿಸುತ್ತಿರುವ ರೂಪ) ಇದ್ದರೆ ಅದಕ್ಕೆ ದಾಟಿ. ರೆಡಿಸ್‌ಗೆ ವಾಲ್ಕೀ, ಟೆರಾಫಾರ್ಮ್‌ಗೆ ಓಪನ್‌ಟೋಫು ಲಿನಕ್ಸ್ ಫೌಂಡೇಷನ್‌ನ ಆಶ್ರಯದಲ್ಲಿ ಬೆಳೆಯುತ್ತಿವೆ. ಕವಲು ಇಲ್ಲದಿದ್ದರೆ, ಬಳಕೆದಾರರಿಗೆ ಮುಂಚಿತವಾಗಿ ತಿಳಿಸಿ ಕೈಬಿಡಿ. ಇಲ್ಲವೇ ಪ್ರತ್ಯೇಕ ವಿಭಾಗಕ್ಕೆ ಸಾಗಿಸಿ. ಎಸ್‌ಎಸ್‌ಪಿಎಲ್ ನೀವು ಪ್ಯಾಕೇಜ್ ಹಂಚುವುದನ್ನು ತಡೆಯುವುದಿಲ್ಲ, ಆದ್ದರಿಂದ ಅಲ್ಲಿ ಎದ್ದಿರುವುದು ಎರಡನೆಯ ಪ್ರಶ್ನೆ ಮಾತ್ರ. ಬದಲಾವಣೆ ಒಂದೇ ದಿಕ್ಕಿನದು ಎಂದೂ ಭಾವಿಸಬೇಡಿ. ಎಲಾಸ್ಟಿಕ್ 2024ರಲ್ಲಿ, ರೆಡಿಸ್ 2025ರಲ್ಲಿ ತನ್ನ ಎಂಟನೆಯ ಆವೃತ್ತಿಯೊಂದಿಗೆ, ಎಜಿಪಿಎಲ್ ಅನ್ನು ಆಯ್ಕೆಯಾಗಿ ಕೊಟ್ಟವು. ಹಾಗಾಗಿ ಪರವಾನಗಿಯನ್ನು ಪ್ಯಾಕೇಜ್‌ನ ಹೆಸರಿಗಲ್ಲ, ಆವೃತ್ತಿಗೆ ಜೋಡಿಸಿ ದಾಖಲಿಸಬೇಕು. ಹೊಸ ಆವೃತ್ತಿ ಬಂದಾಗಲೆಲ್ಲ ಪರವಾನಗಿಯ ಫೈಲ್‌ಗಳನ್ನು ಹಿಂದಿನದರೊಂದಿಗೆ ಹೋಲಿಸಿ, ಒಂದು ಅಕ್ಷರ ಬದಲಾಗಿದ್ದರೂ ಬಿಲ್ಡ್ (ಪ್ಯಾಕೇಜ್ ಕಟ್ಟುವ ಕೆಲಸ) ನಿಲ್ಲಿಸಿ ಮನುಷ್ಯರೊಬ್ಬರು ಓದುವಂತೆ ಮಾಡಿ. ಈ ಒಂದು ತಪಾಸಣೆ ಇದ್ದಿದ್ದರೆ ನಿಮ್ಮ ಡೇಟಾಬೇಸ್ ಸದ್ದಿಲ್ಲದೆ ದಾಟಿಬರುತ್ತಿರಲಿಲ್ಲ.

ಫರ್ಮ್‌ವೇರ್ ಬಗ್ಗೆ ಪ್ರಾಮಾಣಿಕರಾದ ಜನ ಬೇರೆ ಬೇರೆ ತೀರ್ಮಾನಕ್ಕೆ ಬಂದಿದ್ದಾರೆ. ಅದಿಲ್ಲದೆ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಜಾಲಸಂಪರ್ಕವೇ ಸಿಗುವುದಿಲ್ಲ, ಅನುಸ್ಥಾಪನೆ ಅರ್ಧಕ್ಕೆ ನಿಲ್ಲುತ್ತದೆ. ಗೀಕ್ಸ್‌ನಂಥ ವಿತರಣೆಗಳು ಆದರೂ ಅದನ್ನು ಸೇರಿಸುವುದಿಲ್ಲ. ಫೆಡೋರಾ ಫರ್ಮ್‌ವೇರ್‌ಗೆ ಮಾತ್ರ ವಿನಾಯಿತಿ ಕೊಡುತ್ತದೆ. ಡೆಬಿಯನ್ ದೀರ್ಘ ಚರ್ಚೆಯ ನಂತರ 2022ರಲ್ಲಿ ಮತಕ್ಕೆ ಹಾಕಿ, 2023ರ ಹನ್ನೆರಡನೆಯ ಆವೃತ್ತಿಯಿಂದ ಮುಕ್ತವಲ್ಲದ ಫರ್ಮ್‌ವೇರ್‌ಗಾಗಿಯೇ ಪ್ರತ್ಯೇಕ ವಿಭಾಗ ತೆರೆಯಿತು. ಅಧಿಕೃತ ಅನುಸ್ಥಾಪನಾ ಮಾಧ್ಯಮದಲ್ಲಿ ಅದನ್ನು ಸೇರಿಸಿತು. ನನ್ನ ಒಲವು ಡೆಬಿಯನ್‌ನ ದಾರಿಯ ಕಡೆಗಿದೆ. ಏನು ಸೇರಿದೆ ಎಂಬುದು ಬಳಕೆದಾರರಿಗೆ ತಿಳಿಯುತ್ತದೆ, ಯಂತ್ರವೂ ನಡೆಯುತ್ತದೆ. ಒಂದು ಎಚ್ಚರ ಬೇಕು: ಅನೇಕ ಫರ್ಮ್‌ವೇರ್ ಪರವಾನಗಿಗಳು ‘ಬದಲಾವಣೆ ಮಾಡದೆ ಹಂಚಬಹುದು’ ಎನ್ನುತ್ತವೆ. ನಿಮ್ಮ ಬಿಲ್ಡ್ ವ್ಯವಸ್ಥೆ ಬೈನರಿಗಳಿಂದ ಚಿಹ್ನೆಗಳನ್ನು ಕಳಚುವುದು, ಒಳಗಿನ ಹಾದಿಗಳನ್ನು ತಿದ್ದುವುದು ಮುಂತಾದ ಕೆಲಸಗಳನ್ನು ತಾನಾಗಿ ಮಾಡುತ್ತಿರಬಹುದು. ಈ ವಿಭಾಗಕ್ಕೆ ಅವುಗಳನ್ನೆಲ್ಲ ನಿಲ್ಲಿಸಿ.

ಡೌನ್‌ಲೋಡ್ ಸ್ಕ್ರಿಪ್ಟ್ ನ್ಯಾಯವಾದ ಉಪಾಯವೇ. ಮೈಕ್ರೋಸಾಫ್ಟ್‌ನ ಹಳೆಯ ವೆಬ್ ಫಾಂಟ್‌ಗಳನ್ನು ಅವುಗಳ ಮೂಲ ರೂಪದಲ್ಲಿ ಮಾತ್ರ ಮರುಹಂಚಿಕೆ ಮಾಡಬಹುದು; ಬಿಚ್ಚಿ ಬೇರೆ ಪ್ಯಾಕೇಜ್ ಕಟ್ಟುವಂತಿಲ್ಲ. ಅದಕ್ಕೇ ಡೆಬಿಯನ್‌ನಲ್ಲಿ ಫಾಂಟ್‌ಗಳ ಬದಲು ಅವುಗಳನ್ನು ಬಳಕೆದಾರರ ಯಂತ್ರಕ್ಕೇ ಇಳಿಸಿಕೊಡುವ ಪ್ಯಾಕೇಜ್ ಇದೆ. ಆದರೆ ಇದು ಮೊದಲ ಪ್ರಶ್ನೆಯನ್ನಷ್ಟೇ ಬಗೆಹರಿಸುತ್ತದೆ. ಸ್ಕ್ರಿಪ್ಟ್ ಮುಕ್ತವಾಗಿದ್ದರೂ ಅದು ತರುವ ವಸ್ತು ಮುಕ್ತವಲ್ಲ, ಆದ್ದರಿಂದ ಆ ಪ್ಯಾಕೇಜ್ ಕೂಡ ಮುಖ್ಯ ವಿಭಾಗಕ್ಕೆ ಸೇರಬಾರದು. ಡೆಬಿಯನ್ ಇಂಥವುಗಳನ್ನು ‘ಕಾಂಟ್ರಿಬ್’ ಎಂಬ ಬೇರೆ ವಿಭಾಗದಲ್ಲಿ ಇಡುತ್ತದೆ. ಪ್ರಾಯೋಗಿಕ ತೊಂದರೆಗಳೂ ಇವೆ. ಕಂಪನಿ ಫೈಲ್‌ನ ವಿಳಾಸ ಬದಲಿಸಿದ ದಿನ ನಿಮ್ಮ ಪ್ಯಾಕೇಜ್ ಮುರಿಯುತ್ತದೆ. ಅದೇ ವಿಳಾಸದಲ್ಲಿ ಬೇರೆ ಫೈಲ್ ಇಟ್ಟರೆ ಚೆಕ್‌ಸಮ್ (ಫೈಲ್ ಅದೇ ಎಂದು ಖಚಿತಪಡಿಸುವ ಸಂಖ್ಯೆ) ಹೊಂದುವುದಿಲ್ಲ. ಆಗ ದೂರು ತಪ್ಪಿಸಲು ಚೆಕ್‌ಸಮ್ ತಪಾಸಣೆಯನ್ನೇ ತೆಗೆಯುವ ಆಸೆ ಬರುತ್ತದೆ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ, ಬಳಕೆದಾರರ ಯಂತ್ರಕ್ಕೆ ಯಾರೋ ಇಟ್ಟ ಯಾವುದೋ ಫೈಲ್ ಇಳಿಯಲು ಬಾಗಿಲು ತೆರೆದಂತಾಗುತ್ತದೆ.

ಇನ್ನೂ ಒಂದು ಕಡೆ ಜಾರುವುದುಂಟು. ಸ್ಕ್ರಿಪ್ಟ್ ಮಾತ್ರ ಹಂಚುತ್ತಿದ್ದೇವೆ ಎಂದುಕೊಂಡಿರುವಾಗ, ಬಿಲ್ಡ್ ಸರ್ವರ್ ಆ ಸ್ಕ್ರಿಪ್ಟ್ ಅನ್ನು ನಡೆಸಿ, ಬಂದ ಫೈಲ್ ಅನ್ನು ಸಾರ್ವಜನಿಕ ಕ್ಯಾಶ್‌ಗೆ ಏರಿಸಿರುತ್ತದೆ. ಅಥವಾ ನೀವು ಕೊಡುವ ಕಂಟೇನರ್ ಇಮೇಜ್‌ನೊಳಗೆ ಅದು ಸೇರಿರುತ್ತದೆ. ಅಲ್ಲಿಗೆ ಹಂಚಿಕೆ ಆದಂತೆಯೇ. ಜೆಂಟೂ ವಿತರಣೆ ಇದಕ್ಕಾಗಿ ಪ್ಯಾಕೇಜ್‌ನ ವಿವರದಲ್ಲೇ ‘ಮಿರರ್ ಮಾಡಬೇಡಿ’, ‘ಬೈನರಿ ಹಂಚಬೇಡಿ’ ಎಂಬ ಗುರುತುಗಳನ್ನು ಇಟ್ಟಿದೆ. ನಿಕ್ಸ್ ಎಂಬ ಪ್ಯಾಕೇಜ್ ಯೋಜನೆಯ ಅಧಿಕೃತ ಬಿಲ್ಡ್ ವ್ಯವಸ್ಥೆ ಮುಕ್ತವಲ್ಲದ ಪ್ಯಾಕೇಜ್‌ಗಳನ್ನು ಸಾಮಾನ್ಯವಾಗಿ ಕಟ್ಟಿ ಹಂಚುವುದಿಲ್ಲ. ಕೊಟ್ಟ ಅನುಮತಿಯನ್ನು ಹಿಂದೆಗೆದುಕೊಳ್ಳುವ ಸಾಧ್ಯತೆಯೂ ಮುಕ್ತವಲ್ಲದ ಪರವಾನಗಿಗಳಲ್ಲಿ ಇರುತ್ತದೆ. ಲಿನಕ್ಸ್ ವಿತರಣೆಗಳು ಜಾವಾವನ್ನು ಹಂಚಲು ಇದ್ದ ವಿಶೇಷ ಪರವಾನಗಿಯನ್ನು ಒರಾಕಲ್ 2011ರಲ್ಲಿ ಕೊನೆಗೊಳಿಸಿದಾಗ, ವಿತರಣೆಗಳು ಆ ಪ್ಯಾಕೇಜ್‌ಗಳನ್ನು ಕೈಬಿಟ್ಟು ಬಳಕೆದಾರರನ್ನು ಜಾವಾದ ಮುಕ್ತ ರೂಪವಾದ ಓಪನ್‌ಜೆಡಿಕೆಗೆ ದಾಟಿಸಬೇಕಾಯಿತು.

ದೋಷ ತಟ್ಟುತ್ತದೆಯೇ ಎಂಬ ಭಯಕ್ಕೆ ಬರುತ್ತೇನೆ. ಒಂದೇ ಸರ್ವರ್‌ನಲ್ಲಿ, ಒಂದೇ ಡಿಸ್ಕ್‌ನಲ್ಲಿ ಅಕ್ಕಪಕ್ಕ ಇಟ್ಟ ಮಾತ್ರಕ್ಕೆ ಯಾವುದೂ ಅಂಟುವುದಿಲ್ಲ. ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಎರಡನೆಯ ಮತ್ತು ಮೂರನೆಯ ಆವೃತ್ತಿಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ತೊಡಕು ಬರುವುದು ಎರಡು ಕಡೆ. ಜಿಪಿಎಲ್ ಕೋಡ್ ಅನ್ನು ಮುಕ್ತವಲ್ಲದ ಲೈಬ್ರರಿಯೊಂದಿಗೆ ಲಿಂಕ್ ಮಾಡಿ ಬೈನರಿ ಹಂಚಿದಾಗ ಎರಡು ಪರವಾನಗಿಗಳ ಷರತ್ತುಗಳು ಡಿಕ್ಕಿ ಹೊಡೆಯಬಹುದು. ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಮುಕ್ತ ತಂತ್ರಾಂಶವೇ ಆದರೂ ಅದರ ಪರವಾನಗಿ ಲಿನಕ್ಸ್ ಕರ್ನಲ್‌ನ ಜಿಪಿಎಲ್‌ಗೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ಡೆಬಿಯನ್ ಅದನ್ನು ಬಳಕೆದಾರರ ಯಂತ್ರದಲ್ಲೇ ಕಟ್ಟಿಕೊಳ್ಳುವಂತೆ ಸೋರ್ಸ್ ರೂಪದಲ್ಲಿ ಕೊಡುತ್ತದೆ. ಉಬುಂಟು 2016ರಿಂದ ಕಟ್ಟಿದ ಮಾಡ್ಯೂಲ್ ಅನ್ನೇ ಕೊಡುತ್ತಿದೆ. ಇಂಥ ಕಡೆ ವಕೀಲರ ಅಭಿಪ್ರಾಯ ಪಡೆಯದೆ ಮುಂದುವರಿಯಬೇಡಿ. ಎರಡನೆಯದು ಅವಲಂಬನೆಯ ತೊಡಕು: ಮುಕ್ತ ಪ್ಯಾಕೇಜ್ ಒಂದು ಮುಕ್ತವಲ್ಲದ್ದನ್ನು ಬಿಟ್ಟು ನಡೆಯಲಾರದಂತೆ ಆದರೆ, ಬಳಕೆದಾರರಿಗೆ ಸಿಕ್ಕ ಸ್ವಾತಂತ್ರ್ಯ ಕಾಗದದ ಮೇಲಷ್ಟೇ. ಮುಖ್ಯ ವಿಭಾಗವನ್ನು ಬೇರೆ ವಿಭಾಗಗಳು ಕಾಣದಂತೆ ಮುಚ್ಚಿದ ಪರಿಸರದಲ್ಲಿ ಕಟ್ಟಿ. ಅಂಥ ಅವಲಂಬನೆ ಇದ್ದರೆ ಬಿಲ್ಡ್ ತಾನಾಗಿಯೇ ಸೋಲುತ್ತದೆ.

ದಾಖಲೆಯ ವಿಷಯದಲ್ಲಿ, ಪ್ರತಿ ಪ್ಯಾಕೇಜ್‌ಗೂ ಎಸ್‌ಪಿಡಿಎಕ್ಸ್ ಗುರುತನ್ನು (ಪರವಾನಗಿಯ ಪ್ರಮಾಣಿತ ಚಿಕ್ಕ ಹೆಸರನ್ನು) ಬರೆಯಿರಿ. ಫೆಡೋರಾ 2022ರಿಂದ ಇದನ್ನೇ ಅನುಸರಿಸುತ್ತಿದೆ. ಮುಕ್ತವಲ್ಲದವುಗಳಿಗೆ ಬೈನರಿ ಹಂಚಬಹುದೇ, ಮಾರ್ಪಡಿಸಿ ಹಂಚಬಹುದೇ, ಮಿರರ್ ಮಾಡಬಹುದೇ ಎಂಬ ಉತ್ತರಗಳನ್ನೂ ಸೇರಿಸಿ. ಮುಕ್ತವಲ್ಲದ ವಿಭಾಗ ಪೂರ್ವನಿಯೋಜಿತವಾಗಿ ಮುಚ್ಚಿರಲಿ, ಬೇಕಾದವರು ತಿಳಿದೇ ತೆರೆದುಕೊಳ್ಳಲಿ. ಜೆಂಟೂ 2019ರಿಂದ ಹೀಗೆಯೇ ನಡೆಸಿದೆ, ನಿಕ್ಸ್ ಕೂಡ ಹೀಗೆಯೇ ನಡೆಸುತ್ತದೆ. ಪರವಾನಗಿ ಹುಡುಕುವ ಸಾಧನಗಳನ್ನು ಬಳಸಿ, ಆದರೆ ಪೂರ್ತಿ ನಂಬಬೇಡಿ. ಮುಖ್ಯ ಕೋಡ್ ಮುಕ್ತವಾಗಿದ್ದು, ಪರೀಕ್ಷೆಯ ಕಡತಕೋಶದಲ್ಲಿ ಯಾರದ್ದೋ ಚಿತ್ರ, ಫಾಂಟ್ ಅಥವಾ ದತ್ತಾಂಶ ಸೇರಿಕೊಂಡಿರುವುದು ತೀರಾ ಸಾಮಾನ್ಯ. ಆಗ ಇಡೀ ಪ್ಯಾಕೇಜ್ ಬಿಡಬೇಕಿಲ್ಲ. ಆ ಫೈಲ್ ತೆಗೆದು ಸೋರ್ಸ್ ಅನ್ನು ಮರುಕಟ್ಟಿ, ಆವೃತ್ತಿಯ ಹೆಸರಿನಲ್ಲೇ ಅದನ್ನು ಸೂಚಿಸಿ. ಡೆಬಿಯನ್‌ನಲ್ಲಿ ಇದು ನಿತ್ಯದ ಕೆಲಸ.

ವಿಜ್ಞಾನದ ಉಪಕರಣದ ವಿಷಯ ಬಾಕಿ ಉಳಿಸಿದ್ದೆ. ಅದನ್ನು ಈಗ ಪ್ರತ್ಯೇಕ ವಿಭಾಗಕ್ಕೆ ಸಾಗಿಸಿ, ಮಿರರ್‌ಗಳಿಗೆ ಆ ವಿಭಾಗವನ್ನು ಬಿಟ್ಟುಬಿಡುವ ಆಯ್ಕೆ ಕೊಡಿ. ಜೊತೆಗೆ ಅದರ ಲೇಖಕರಿಗೂ ಬರೆಯಿರಿ. ಷರತ್ತಿನ ಹಿಂದೆ ಏನಿದೆ ಎಂದು ಕೇಳಿ. ತಮ್ಮ ಶ್ರಮವನ್ನು ಯಾರೋ ಮುಚ್ಚಿದ ಉತ್ಪನ್ನವಾಗಿ ಮಾರಿಯಾರು ಎಂಬುದೇ ಅವರ ಆತಂಕವಾಗಿದ್ದರೆ, ಜಿಪಿಎಲ್ ಅಥವಾ ಎಜಿಪಿಎಲ್ ಅದಕ್ಕೆ ಮುಕ್ತ ಪರವಾನಗಿಯೊಳಗೇ ಉತ್ತರ ಕೊಡುತ್ತದೆ. ಕಂಪನಿಗಳಿಗೆ ಬೇರೆ ಒಪ್ಪಂದದಡಿ ಮಾರುವ ಅವಕಾಶವೂ ಹಕ್ಕುದಾರರಿಗೆ ಉಳಿಯುತ್ತದೆ. ಪ್ರಬಂಧಗಳಲ್ಲಿ ತಮ್ಮ ಹೆಸರು ಉಲ್ಲೇಖವಾಗಬೇಕು ಎಂಬುದಷ್ಟೇ ಆಸೆಯಾದರೆ, ಅದನ್ನು ಷರತ್ತಾಗಿಸದೆ ವಿನಂತಿಯಾಗಿ ಬರೆಯಲು ಹೇಳಿ. ಹಕ್ಕು ಲೇಖಕರದ್ದೋ ಅವರ ಸಂಸ್ಥೆಯದ್ದೋ ಎಂಬುದನ್ನೂ ಅದೇ ಪತ್ರದಲ್ಲಿ ವಿಚಾರಿಸಿ, ಏಕೆಂದರೆ ಪರವಾನಗಿ ಬದಲಿಸುವ ಅಧಿಕಾರ ಹಕ್ಕು ಇರುವವರಿಗೆ ಮಾತ್ರ.